ಹುಡುಗರ ನಿಬಂಧವೂ ‘ಹೇಗೆ ಗೊತ್ತು?’ ಎಂಬ ಪ್ರಶ್ನೆಯೂ

ಅಭಿಪ್ರಾಯವಿಲ್ಲದ ಮನೆಯು ಎಲ್ಲಿಯೂ ಇಲ್ಲ. ಪಲ್ಯಕ್ಕೆ ಉಪ್ಪು ಸಾಲದೆಂಬುದರಿಂದ ಹಿಡಿದು ಮಳೆಯು ಯಾವಾಗ ಬರುವದೆಂಬುದರ ವರೆಗೆ ಪ್ರತಿಯೊಬ್ಬ ಗೃಹಸ್ಥನಿಗೂ ಗೃಹಿಣಿಗೂ ತಮ್ಮ ತಮ್ಮ ಮತವುಂಟು. ತೊಟ್ಟಿಲಿಳಿದ ಕೂಸಿಗೂ ಉಂಟು. ಆದರೆ ಆ ಮತಕ್ಕೆ ಆಧಾರವೇನೆಂದು ಕೇಳಿದೊಡನೆ ಹಿರಿಯರು ಸಿಟ್ಟಿಗೇಳುವರು, ಕಿರಿಯರು ನೆಲ ನೋಡುವರು. ಇವೆರಡೂ ಒಳ್ಳೆಯವಲ್ಲ. ಮತವನ್ನು ಹೇಳುವದು ಮನುಷ್ಯನ ಹಕ್ಕು. ಅದಕ್ಕೆ ಆಧಾರವನ್ನು ಕೊಡುವದು ಕೇಳುವವರಿಗೆ ಅವನು ತೀರಿಸಬೇಕಾದ ಸಾಲ. ಈ ಸಾಲದ ಅರಿವನ್ನು ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿಯೇ ಹುಟ್ಟಿಸಬಹುದೆಂಬುದು ನಮ್ಮ ಅನುಭವಕ್ಕೆ ಬಂದಿರುವದರಿಂದ, ಅದನ್ನು ಪಾಲಕರ ಮುಂದಿಡುವ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ನಾವು ವಿಜಯಪುರದ ನಿವಾಸಿಗಳು. ಕೆಲವು ವರ್ಷಗಳಿಂದ ಪಟ್ಟಣದಲ್ಲಿಯೂ ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳಲ್ಲಿಯೂ ನಾಲ್ಕನೆಯ ಐದನೆಯ ಇಯತ್ತೆಯ ಹುಡುಗ ಹುಡುಗಿಯರನ್ನು ಸುಟಿಯ ದಿನಗಳಲ್ಲಿ ಕೂಡಿಸಿಕೊಂಡು ನಿಬಂಧ ಬರೆಯಿಸುತ್ತ ಬಂದಿದ್ದೇವೆ. ‘ನಿಮ್ಮ ಊರಿನ ವಿಷಯವಾಗಿ ಬರೆಯಿರಿ’ ಎಂದರೆ ಮೊದಲ ದಿನ ಎಲ್ಲ ಪಾಟಿಗಳ ಮೇಲೂ ಒಂದೇ ವಾಕ್ಯವು ಮೂಡುವದು: ‘ನಮ್ಮ ಊರು ಬಹಳ ಸುಂದರವಾಗಿದೆ.’ ಪೀಠಿಕೆ, ವಿವರಣೆ, ಉಪಸಂಹಾರಗಳೆಂಬ ಮೂರು ಅಂಕಣಗಳು ಸರಿಯಾಗಿರುವವು. ಆದರೆ ಮನೆಯೊಳಗೆ ಒಕ್ಕಲಿರುವದಿಲ್ಲ. ಬಾಯಿಪಾಠದ ನಿಬಂಧಕ್ಕೆ ಪರೀಕ್ಷೆಯಲ್ಲಿ ಗುಣಗಳು ಸಿಕ್ಕಬಹುದು. ಬಾಳಿನಲ್ಲಿ ಅದರಿಂದ ಒಂದು ಕವಡೆಯೂ ಹುಟ್ಟದು.

ಆದುದರಿಂದ ಪಟ್ಟಣದ ಹುಡುಗರಿಗೆ ನಮ್ಮ ಮೊದಲ ಪಾಠವು ಗೋಳಗುಮ್ಮಟದಲ್ಲಿ ನಡೆಯುವದು. ಕಾಗದದ ಮೇಲೆ ಮೂರು ಮನೆಗಳನ್ನು ಗೆರೆಯೆಳೆದು, ‘ಕಂಡದ್ದು’, ‘ಓದಿದ್ದು’, ‘ಯಾರೋ ಹೇಳಿದ್ದು’ ಎಂದು ತಲೆಬರಹ ಕೊಡಿಸುತ್ತೇವೆ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿಯಿದು ಎಂಬುದು ಎರಡನೆಯ ಮನೆಗೆ ಹೋಗಬೇಕು. ಗುಮ್ಮಟದ ಹೊರವ್ಯಾಸವು ಸುಮಾರು 44 ಮೀಟರ್ ಎಂಬುದೂ ಅಲ್ಲಿಗೇ, ಏಕೆಂದರೆ ಹುಡುಗರ ಕೈಯಲ್ಲಿ ಅಷ್ಟುದ್ದದ ಹಗ್ಗವಿಲ್ಲ. ‘ಕೂಗಿದ ಶಬ್ದವು ಏಳು ಸಲ ಮರುನುಡಿಯುತ್ತದೆ’ ಎಂಬ ಮಾತನ್ನು ಎಲ್ಲರೂ ‘ಕಂಡದ್ದು’ ಎಂಬ ಮನೆಯಲ್ಲಿ ಬರೆದರು. ಹಾಗಾದರೆ ಎಣಿಸಿ ಬನ್ನಿರೆಂದು ಮೇಲಿನ ಪಿಸುಗುಟ್ಟುವ ಮೊಗಸಾಲೆಗೆ ಕಳಿಸಿದೆವು. ಒಬ್ಬನು ಐದೆಂದನು; ಇನ್ನೊಬ್ಬಳು ಎಂಟೆಂದಳು; ಮೂರನೆಯವನು, ‘ಮಂದಿ ಗದ್ದಲದಾಗ ನನಗ ಎಣಸಾಕ ಆಗಲಿಲ್ರೀ’ ಎಂದು ಬರೆದು ತಂದನು. ನಾವು ಎಲ್ಲರಿಗಿಂತ ಮೊದಲು ಈ ಮೂರನೆಯವನ ಬೆನ್ನು ಚಪ್ಪರಿಸಿದೆವು. ತನ್ನ ತಿಳುವಳಿಕೆಯ ಎಲ್ಲೆ ಎಲ್ಲಿಗೆ ಮುಗಿಯಿತೆಂಬುದನ್ನು ಬಲ್ಲವನೇ ಮುಂದೆ ನಂಬಿಗೆಯ ಮಾತನ್ನು ಬರೆಯಬಲ್ಲನು.

ತಿಕೋಟಾದ ಹುಡುಗರಿಗೆ ದ್ರಾಕ್ಷಿಯ ತೋಟವೇ ಪಾಠಶಾಲೆ. ಹಸಿಯ ಹಣ್ಣನ್ನು ಮಾರುವದು ಲೇಸೋ, ನಮ್ಮ ಕಡೆಯವರು ಮಣೂಕವೆನ್ನುವ ಒಣದ್ರಾಕ್ಷಿಯನ್ನು ಮಾಡುವದು ಲೇಸೋ ಎಂಬ ವಿಷಯವನ್ನು ಕೊಟ್ಟೆವು. ಒಬ್ಬನು ತಟ್ಟನೆ, ‘ನಾಕು ಕಿಲೋ ಹಣ್ಣು ಒಣಗಿದರ ಒಂದ ಕಿಲೋ ಆಕ್ಕೈತಿ, ಮೂರು ಕಿಲೋ ಲುಕ್ಸಾನ’ ಎಂದನು. ಅವನ ಗೆಳೆಯನು, ಹಸಿಯ ಹಣ್ಣು ಕಾಯುವದಿಲ್ಲ, ವ್ಯಾಪಾರಿಯು ಹೇಳಿದ ದರಕ್ಕೆ ಕೊಡಲೇಬೇಕು, ಮಣೂಕವಾದರೆ ಶೀತಗೃಹದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು ಎಂದನು. ಇಬ್ಬರ ಮಾತೂ ನಿಜ. ಆದರೆ ಅಷ್ಟರಿಂದಲೇ ತೀರ್ಪು ಹುಟ್ಟದು. ಮನೆಯಲ್ಲಿ ಕೇಳಿ ಆ ದಿನದ ಎರಡೂ ದರಗಳನ್ನು, ಕೂಲಿಯನ್ನು, ಹಣ್ಣನ್ನದ್ದುವ ಎಣ್ಣೆಯ ಖರ್ಚನ್ನು, ಶೆಡ್ಡಿನ ಬಲೆಗಳ ಮೇಲೆ ಒಣಗಲು ಹಿಡಿಯುವ ದಿನಗಳನ್ನು ಬರೆದು ತರಹೇಳಿದೆವು. ಮರುವಾರ ಮೊದಲನೆಯವನು ತನ್ನ ನಿಬಂಧವನ್ನು ಓದಿದನು: ಹಸಿಯ ಹಣ್ಣಿಗೆ ಇಷ್ಟು ದರವಿದ್ದರೆ ಮಾರುವದು ಲೇಸು, ಅದಕ್ಕಿಂತ ಇಳಿದರೆ ಒಣಗಿಸುವದು ಲೇಸು. ಹತ್ತು ವರ್ಷದ ಹುಡುಗನ ಬರವಣಿಗೆಯಲ್ಲಿ ‘ಇದ್ದರೆ’ ಎಂಬ ಶಬ್ದವು ತಾನಾಗಿ ಬಂದುದನ್ನು ಕಂಡು ನಮಗಾದ ಸಂತೋಷವು ಅಷ್ಟಿಷ್ಟಲ್ಲ.

ಇದು ಹೊರಗಿನಿಂದ ತಂದ ಹೊಸ ವಿದ್ಯೆಯಲ್ಲ. ನಮ್ಮ ನ್ಯಾಯಶಾಸ್ತ್ರವು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳನ್ನು ಹೇಳಿದೆ. ಗುಡ್ಡದಲ್ಲಿ ಬೆಂಕಿಯಿದೆ, ಹೊಗೆಯೇಳುತ್ತಿರುವದೇ ಕಾರಣ, ಅಡಿಗೆಯ ಮನೆಯಲ್ಲಿ ಹೊಗೆಯಿದ್ದಲ್ಲಿ ಬೆಂಕಿಯನ್ನು ಕಂಡಿದ್ದೇವೆ, ಈ ಗುಡ್ಡದಲ್ಲಿಯೂ ಅಂಥದೇ ಹೊಗೆ, ಆದುದರಿಂದ ಬೆಂಕಿಯುಂಟು. ಇದನ್ನೇ ನಾವು ಹುಡುಗರಿಗೆ, ‘ನನ್ನ ಮತ, ಯಾಕೆ, ಎಲ್ಲಿ ನೋಡಿದೆ, ಇಲ್ಲಿಗೆ ಹೇಗೆ ಹೊಂದುತ್ತದೆ, ಆದ್ದರಿಂದ’ ಎಂದು ಬೆರಳು ಮಡಿಚಿ ಕಲಿಸುತ್ತೇವೆ, ‘ಎದುರಿನವನು ಏನನ್ನಬಹುದು?’ ಎಂಬ ಪೂರ್ವಪಕ್ಷವನ್ನು ಆರನೆಯದಾಗಿ ಸೇರಿಸುತ್ತೇವೆ. ಇನ್ನು ಆಧಾರವನ್ನು ಹುಡುಕುವ ಶ್ರಮಕ್ಕೆ ನಮ್ಮ ಊರಿನಲ್ಲಿಯೇ ಆದರ್ಶವುಂಟು. ಫ. ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. ವಚನಗಳ ಹಿರಿಮೆಯನ್ನು ಬಾಯಿಂದ ಹೊಗಳಿ ಅವರು ಸುಮ್ಮನಾಗಲಿಲ್ಲ, ಮನೆಮನೆಗೆ ಹೋಗಿ ತಾಳೆಗರಿಯ ಕಟ್ಟುಗಳನ್ನು ಕೂಡಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಗರಿಯನ್ನು ಮುಂದಿಟ್ಟು ಮಾತಾಡಿದವರ ಮಾತು ನಿಂತಿತು.

ಇಷ್ಟೆಲ್ಲ ಏತಕ್ಕೆ, ಹುಡುಗರು ಬರೆದರೆಷ್ಟು ಬಿಟ್ಟರೆಷ್ಟು ಎಂದು ಕೆಲವರು ಕೇಳಬಹುದು. ಅಂಥವರಿಗೆ ಬಬಲೇಶ್ವರದ ಕಡೆಯ ತೋಟದ ವಸ್ತಿಯೊಂದರ ಸಂಗತಿಯನ್ನು ಹೇಳುವೆವು. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ‘ನಮ್ಮ ಅಕ್ಕನ ಸಾಲಿ ಬಿಡಿಸಬಾರದು’ ಎಂಬ ವಿಷಯವನ್ನು ತಾನೇ ಆರಿಸಿಕೊಂಡಳು. ಊರಿನ ಶಾಲೆಯು ಮುಗಿದಿತ್ತು. ಹಾಯಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು. ಬಸ್ಸು ಹೊತ್ತಿಗೆ ಬರುವದಿಲ್ಲವೆಂದು ತಂದೆಯು ಅಕ್ಕನನ್ನು ಮನೆಯಲ್ಲಿ ನಿಲ್ಲಿಸುವ ಯೋಚನೆಯಲ್ಲಿದ್ದನು. ಹುಡುಗಿಯು ಹನ್ನೆರಡು ದಿನ ರಸ್ತೆಯ ಬದಿಗೆ ನಿಂತು ಬಸ್ಸು ಬಂದ ವೇಳೆಯನ್ನು ಬರೆದಿಟ್ಟಳು. ಒಂಬತ್ತು ದಿನ ಹೊತ್ತಿಗೆ, ಮೂರು ದಿನ ತಡ. 2023ರ ಜೂನ್ 11ರಿಂದ ಸರಕಾರದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವನ್ನು ಮನ್ನಾ ಮಾಡಿದ್ದನ್ನೂ, ನೆರೆಯ ವಸ್ತಿಯ ಇಬ್ಬರು ಹುಡುಗಿಯರು ಅದೇ ಬಸ್ಸಿಗೆ ಹೋಗುವದನ್ನೂ ಕೆಳಗೆ ಬರೆದಳು. ತಡವಾದ ಮೂರು ದಿನಗಳನ್ನು ಏಕೆ ಬಿಡಲಿಲ್ಲವೆಂದು ಕೇಳಿದೆವು. ‘ಬಿಟ್ಟರ, ಉಳಿದ ಒಂಬತ್ತೂ ಸುಳ್ಳ ಅಂತಾನ್ರೀ ನಮ್ಮಪ್ಪ’ ಎಂದಳು. ಪ್ರಮಾಣಶಾಸ್ತ್ರದ ಗಂಟನ್ನು ಆ ಕೂಸು ಒಂದೇ ಮಾತಿನಲ್ಲಿ ಬಿಚ್ಚಿಟ್ಟಿತು.

ಆ ರಾತ್ರಿ ಊಟವಾದ ಮೇಲೆ ಅವಳು ಅದನ್ನು ಓದಿ ತೋರಿಸಿದಳಂತೆ. ತಂದೆಯು ಬಹಳ ಹೊತ್ತು ಸುಮ್ಮನೆ ಕುಳಿತು, ‘ಬಸ್ಸಿನ ಮಾತಲ್ಲವ್ವಾ; ಸಂಜಿಮುಂದ ರಸ್ತೆಯಿಂದ ವಸ್ತಿತನಕ ಹಳ್ಳದ ದಾರಿ ಕತ್ತಲ ಇರತೈತಿ, ಅದು ನನಗ ಅಂಜಿಕಿ’ ಎಂದನಂತೆ. ಅಲ್ಲಿಯವರೆಗೆ ಬಸ್ಸಿನ ಹೆಸರಿನಲ್ಲಿ ಅಡಗಿದ್ದ ನಿಜವಾದ ಕಾರಣವು ಹೊರಗೆ ಬಂದಿತು. ಕಾರಣವು ತಿಳಿದ ಮೇಲೆ ಉಪಾಯವು ದೂರವಿರಲಿಲ್ಲ. ಆ ವರ್ಷ ಅಕ್ಕನು ಹಾಯಸ್ಕೂಲಿಗೆ ಹೋದಳು. ಸಂಜೆಗೆ ಮನೆಯವರಲ್ಲೊಬ್ಬರು ಬ್ಯಾಟರಿ ಹಿಡಿದು ರಸ್ತೆಗೆ ಬರುವರು. ನಿಬಂಧವು ತಂದೆಯನ್ನು ಸೋಲಿಸಲಿಲ್ಲ. ಅವನ ಮನಸ್ಸಿನ ಭಾರವನ್ನು ಮನೆಯವರೆಲ್ಲರೂ ಹಂಚಿಕೊಳ್ಳುವಂತೆ ಮಾಡಿತು.

ಹೀಗೆ ಕಲಿತ ಮಕ್ಕಳು ಎದುರುತ್ತರ ಕೊಡುವರೆಂಬ ಭಯವು ಅನೇಕ ಹಿರಿಯರಲ್ಲಿದೆ. ನಾವು ಕಂಡದ್ದು ಅದಕ್ಕೆ ವಿರುದ್ಧ. ಆಧಾರವಿಲ್ಲದವನೇ ದನಿಯೇರಿಸುವನು, ಕೈಯಲ್ಲಿ ಲೆಕ್ಕವಿದ್ದವನಿಗೆ ಕೂಗುವ ಅಗತ್ಯವಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಅಲ್ಲಿ ‘ನಮ್ಮ ಶಾಲೆಗೆ ನೀರು ಬೇಕು’ ಎಂಬ ಮಾತಿಗಿಂತ, ‘ಈ ತಿಂಗಳಲ್ಲಿ ಇಂತಿಷ್ಟು ದಿನ ನಳಕ್ಕೆ ನೀರು ಬರಲಿಲ್ಲ’ ಎಂಬ ಮಾತಿಗೆ ತೂಕ ಹೆಚ್ಚು.

ಪಾಲಕರಲ್ಲಿ ನಮ್ಮ ವಿನಂತಿಯು ಇಷ್ಟೇ. ಮಗುವು ಏನನ್ನಾದರೂ ಸಾಧಿಸಿ ಹೇಳಿದಾಗ, ಸಿಟ್ಟಿಲ್ಲದೆ, ನಗೆಯಾಡದೆ, ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಿರಿ. ಉತ್ತರಕ್ಕಾಗಿ ತುಸು ಕಾಯಿರಿ. ಅದೇ ಪ್ರಶ್ನೆಯನ್ನು ಅದು ನಿಮಗೆ ಕೇಳಿದ ದಿನ, ನೀವೂ ಉತ್ತರ ಕೊಡಿರಿ. ಆ ಉತ್ತರದಲ್ಲಿಯೇ ಅದರ ಮುಂದಿನ ನಿಬಂಧದ ಮೊದಲ ಸಾಲು ಇರುವದು.