ಮಾಳಿಗೆ ಹತ್ತಿದವನು

ಮುಳಬಾಗಿಲಿನ ನಮ್ಮ ಮನೆಯ ಮಾಳಿಗೆಯ ಮೇಲೆ ಮೊಬೈಲು ಕಂಪನಿಯೊಂದರ ಕಂಬಗಳು ನಿಂತು ಕೆಲವು ವರ್ಷಗಳಾದವು. ಪಿಂಚಣಿಯ ಜೊತೆಗೆ ಬಾಡಿಗೆಯೂ ಬರುವುದೆಂದು ಒಪ್ಪಿಕೊಂಡೆವು. ಗೃಹಿಣಿಯು ಅಂಜಿದುದರಿಂದ ವಿಷಯವನ್ನು ವಿಚಾರಿಸಿದೆವು. ರೇಡಿಯೋ ತರಂಗವು ಎಕ್ಸ್‌ರೇಯಂತಹುದಲ್ಲ; ಅತಿಯಾದರೆ ದೇಹವನ್ನು ಕಾಯಿಸುವುದು. ಅದು ಫಲಕದ ಮುಂದಕ್ಕೆ ಹರಿಯುವುದೇ ಹೊರತು ಕೆಳಗಿನ ಮನೆಗೆ ಹೆಚ್ಚಾಗಿ ಇಳಿಯದು. 2012ನೆಯ ಸೆಪ್ಟೆಂಬರ್ 1ರಿಂದ ನಮ್ಮ ದೇಶದಲ್ಲಿ ಗೋಪುರಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲಿಗೆ ಇಳಿಸಿದ್ದಾರೆ. ಇಷ್ಟನ್ನರಿತು ನಿಶ್ಚಿಂತರಾದೆವು.

ಹಿಂದಿನ ಯುಗಾದಿಗೆ ಮುನ್ನ ಸುಣ್ಣ ಬಳಿಯಲು ಆಳೊಬ್ಬನನ್ನು ಮಾಳಿಗೆ ಹತ್ತಿಸಿದೆವು. ಅವನು ನೀರಿನ ತೊಟ್ಟಿಯನ್ನೇರಿ, ಫಲಕಕ್ಕೆ ಎದುರಾಗಿ, ಒಂದು ಮೊಳದಷ್ಟು ದೂರದಲ್ಲಿ ನಿಂತು ಬಳಿಯುತ್ತಿದ್ದನು. ಅದೇ ಹೊತ್ತಿಗೆ ಕಂಬದ ರಿಪೇರಿಗೆಂದು ಬಂದ ಶ್ರೀನಿವಾಸಪುರದ ನಮ್ಮ ಹಳೆಯ ಶಿಷ್ಯನು ಅದನ್ನು ಕಂಡು ಕೂಗಿ ಕೆಳಗಿಳಿಸಿದನು.

"ಮೇಷ್ಟ್ರೇ, ಇದರ ಮುಂದೆ ಕೆಲಸವಿದ್ದರೆ ನಾವು ಮೊದಲು ಪ್ರಸಾರವನ್ನು ನಿಲ್ಲಿಸಿಕೊಳ್ಳುತ್ತೇವೆ. ಇವನಿಗೆ ಯಾರು ಹೇಳಿದ್ದರು?"

ನಾವು ತಲೆ ತಗ್ಗಿಸಿದೆವು.

ಅಂತರರಾಷ್ಟ್ರೀಯ ನಿಯಮವು ಕೆಲಸಗಾರನಿಗೆ ಜನಸಾಮಾನ್ಯರ ಐದರಷ್ಟು ಮಿತಿಯನ್ನು ಅನುಮತಿಸುತ್ತದೆ. ಅವನು ಶಿಕ್ಷಣ ಪಡೆದವನು, ಅಪಾಯವನ್ನರಿತು ದೂರ ಸರಿಯಬಲ್ಲವನು ಎಂಬುದೇ ಅದಕ್ಕೆ ಆಧಾರ. ಸುಣ್ಣ ಬಳಿಯುವವನಿಗೆ ಆ ಅರಿವನ್ನು ಕೊಟ್ಟವರಾರು? ಕಣ್ಣಿನ ಮಸೂರದಲ್ಲಿ ಕಾವನ್ನು ಒಯ್ಯುವ ರಕ್ತನಾಳಗಳಿಲ್ಲ. ತರಂಗವಾದರೋ ಕಣ್ಣಿಗೆ ಕಾಣುವುದಿಲ್ಲ.

ಕಾಣದ ಕೇಡು ನಮ್ಮ ಕೋಲಾರದ ಸೀಮೆಗೆ ಹೊಸದಲ್ಲ. ಚಿನ್ನದ ಗಣಿಯಲ್ಲಿ 1880ರಿಂದ ಕಂಪನಿಯ ಕೆಲಸ ನಡೆದರೂ, ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ರೋಗಕ್ಕೆ ಮೈಸೂರು ಸರ್ಕಾರದ ನಿಯಮ ಬಂದುದು 1940ರಲ್ಲಿ. ಈ ತರಂಗವು ಆ ಧೂಳಿನಷ್ಟು ಕ್ರೂರವೆಂದು ನಾವು ಹೇಳುವುದಿಲ್ಲ. ಆದರೆ ಕೂಲಿಯವನ ಕ್ಷೇಮವನ್ನು ಕಡೆಯಲ್ಲಿ ನೆನೆಯುವ ಅಭ್ಯಾಸವು ಅದೇ.

ಆಶ್ರಿತರಿಗೆ ಉಣಿಸಿ ಬಳಿಕ ತಾನುಣ್ಣುವುದು ಗೃಹಸ್ಥಧರ್ಮವೆಂದು ತರಗತಿಯಲ್ಲಿ ಎಷ್ಟು ಸಲ ಪಾಠ ಹೇಳಿದ್ದೆವೋ! ಮನೆಯವರ ಕ್ಷೇಮವನ್ನು ಮಾತ್ರ ವಿಚಾರಿಸಿ, ಕೆಲಸದವನನ್ನು ಮರೆತವರೂ ನಾವೇ.

ಈಗ ಮಾಳಿಗೆಯ ಬಾಗಿಲಿಗೆ ಬೀಗವಿದೆ. ಕನ್ನಡದಲ್ಲಿಯೂ, ನಮ್ಮ ಊರಿನ ಬಹುಜನರ ಮನೆಮಾತಾದ ತೆಲುಗಿನಲ್ಲಿಯೂ ಬರೆದ ಹಲಗೆಯೊಂದು ಅದರ ಮೇಲಿದೆ. ತೊಟ್ಟಿ ತೊಳೆಯುವವನಾಗಲಿ, ಸೌರ ಒಲೆ ರಿಪೇರಿಯವನಾಗಲಿ ಬಂದರೆ, ಕಂಪನಿಗೆ ತಿಳಿಸಿ, ಪ್ರಸಾರ ನಿಂತಿತೆಂಬ ಉತ್ತರ ಬಂದ ಬಳಿಕವೇ ಬೀಗ ತೆಗೆಯುತ್ತೇವೆ. ಓದಲಾರದವನಿಗೆ ಬಾಯಲ್ಲಿ ಹೇಳುತ್ತೇವೆ. ಮಾಳಿಗೆಯನ್ನು ಬಾಡಿಗೆಗೆ ಕೊಟ್ಟ ವಾಚಕ ಮಹಾಶಯರೂ ಹೀಗೆಯೇ ಮಾಡಬೇಕೆಂದು ನಮ್ಮ ವಿಜ್ಞಾಪನೆ.

ಆ ಆಳಿಗೆ ಏನೂ ಆಗಲಿಲ್ಲ. ಅದು ಅವನ ಪುಣ್ಯ, ನಮ್ಮದಲ್ಲ.