ರೇಖೆ ಯಾರ ಸುತ್ತ?

ಹಬ್ಬದ ಸಂಚಿಕೆಯಲ್ಲಿ ಕುಡಿತದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಕಾರ್ಯಕ್ರಮಗಳಲ್ಲಿ ಊಟ, ನಾಟಕ, ಅಂತ್ಯಾಕ್ಷರಿ ಎಲ್ಲ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನಡೆಯುವ ಪಿಸುಮಾತು ಕೇಳಿದವರಿಗೆ ಇದು ಹೊಸತಲ್ಲ. ವೈದ್ಯನಾದ ನನ್ನ ಕಿವಿಗೆ ಅದು ಸ್ವಲ್ಪ ಹೆಚ್ಚಾಗಿಯೇ ಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಪರಿಚಿತರ ಮನೆಯಿಂದ ಫೋನ್ ಬಂತು. “ಡಾಕ್ಟ್ರೇ, ಇವರಿಗೆ ಮೈ ಸರಿಯಿಲ್ಲ. ಆಫೀಸಿಗೆ ಕೊಡೋಕೆ ವೈರಲ್ ಫೀವರ್ ಅಂತ ಒಂದು ಲೆಟರ್ ಬರೆದುಕೊಡ್ತೀರಾ?” ಜ್ವರ ಎಷ್ಟಿದೆ ಎಂದು ಕೇಳಿದೆ. ಆ ಕಡೆಯಿಂದ ಉತ್ತರವಿಲ್ಲ. “ನೋಡಿ, ಆ ಲೆಟರ್ ನಾನು ಬರೆಯಲ್ಲ. ಆಸ್ಪತ್ರೆಗೆ ಕರಕೊಂಡು ಹೋಗೋದಾದರೆ ಈಗಲೇ ಬಾಸ್ಕಿಂಗ್ ರಿಡ್ಜಿನಿಂದ ಹೊರಟು ಬರ್ತೀನಿ” ಎಂದೆ. ಆಕೆ ಫೋನ್ ಇಟ್ಟರು. ಎಂಟು ತಿಂಗಳು ಎರಡು ಮನೆಗಳ ನಡುವೆ ಮಾತಿರಲಿಲ್ಲ.

ಇಲ್ಲಿಯ ಮನೋವೈದ್ಯರು ಇಂಥದ್ದಕ್ಕೆ ‘ಎನೇಬ್ಲಿಂಗ್’ ಎನ್ನುತ್ತಾರೆ. ನಮ್ಮ ‘ಕುಮ್ಮಕ್ಕು’ ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಏಕೆಂದರೆ ಮನೆಯವರು ಯಾರೂ ಕುಡಿ ಎಂದಿರುವುದಿಲ್ಲ. ಕುಡಿತದ ಪೆಟ್ಟು ಕುಡಿದವರಿಗೆ ತಾಗದಂತೆ ಅಡ್ಡ ನಿಂತಿರುತ್ತಾರೆ. ಹೆಂಡತಿ ಆಫೀಸಿಗೆ ಸುಳ್ಳು ಹೇಳುತ್ತಾಳೆ, ಅಣ್ಣ ಕ್ರೆಡಿಟ್ ಕಾರ್ಡಿನ ಸಾಲ ತೀರಿಸುತ್ತಾನೆ, ಊರಿನಲ್ಲಿರುವ ತಾಯಿಗೆ ಎಲ್ಲರೂ ಸೇರಿ “ಕೆಲಸ ಜಾಸ್ತಿ” ಎನ್ನುತ್ತಾರೆ. ಎಲ್ಲ ಪ್ರೀತಿಯಿಂದಲೇ, ಮನೆಯ ಮರ್ಯಾದೆಗಾಗಿಯೇ. ರೋಗ ಮಾತ್ರ ಒಳಗೊಳಗೇ ಬೆಳೆಯುತ್ತದೆ.

ಈ ಪ್ರೀತಿಯ ಬೆಲೆ ಏನೆಂದು ನಮ್ಮ ನ್ಯೂಜೆರ್ಸಿಗೆ ಚೆನ್ನಾಗಿ ಗೊತ್ತು. 2000ದ ಜುಲೈನಲ್ಲಿ ಕುಡಿದು ಕಾರು ಓಡಿಸುತ್ತಿದ್ದವನೊಬ್ಬನನ್ನು ಪೊಲೀಸರು ಹಿಡಿದರು. ಗೆಳೆಯನೊಬ್ಬ ಠಾಣೆಗೆ ಬಂದು ಬಿಡಿಸಿಕೊಂಡು, ಮನೆಗೆ ಕರೆದೊಯ್ಯುವ ಬದಲು ಅವನ ಕಾರಿನ ಹತ್ತಿರವೇ ಬಿಟ್ಟ. ಸ್ವಲ್ಪ ಹೊತ್ತಿನಲ್ಲೇ ಆ ಕಾರು ಜಾನ್ ಎಲಿಯಟ್ ಎಂಬ ತರುಣನ ಕಾರಿಗೆ ಡಿಕ್ಕಿ ಹೊಡೆಯಿತು. ನೌಕಾ ಅಕಾಡೆಮಿಯಿಂದ ಆಗಷ್ಟೇ ಪದವಿ ಪಡೆದಿದ್ದ ಹುಡುಗ. ಅವನೂ ಸತ್ತ, ಗುದ್ದಿದವನೂ ಸತ್ತ. 2001ರಲ್ಲಿ ಬಂದ ‘ಜಾನ್ಸ್ ಲಾ’ ಪ್ರಕಾರ ಇಂಥ ಕಾರನ್ನು ಪೊಲೀಸರು 12 ಗಂಟೆಗಳವರೆಗೆ ಇಟ್ಟುಕೊಳ್ಳಬಹುದು. ಬಿಡಿಸಿಕೊಳ್ಳಲು ಬಂದವರಿಗೂ ಅವರ ಹೊಣೆಯ ಬಗ್ಗೆ ಬರಹದಲ್ಲಿ ಎಚ್ಚರಿಕೆ ಕೊಡುತ್ತಾರೆ.

ಹಾಗಾದರೆ ಗಡಿ ಹಾಕುವುದು ಹೇಗೆ? ಲಕ್ಷ್ಮಣರೇಖೆಯನ್ನು ನೆನೆಸಿಕೊಳ್ಳಿ. ಲಕ್ಷ್ಮಣ ಗೆರೆ ಎಳೆದದ್ದು ಸೀತೆಯ ರಕ್ಷಣೆಗೆ, ರಾವಣನನ್ನು ಕಟ್ಟಿಹಾಕುವುದಕ್ಕಲ್ಲ. “ನೀನು ಕುಡಿಯಬಾರದು” ಎಂಬುದು ಇನ್ನೊಬ್ಬರ ಸುತ್ತ ಎಳೆದ ಗೆರೆ, ಅದು ನಿಲ್ಲುವುದಿಲ್ಲ. “ನೀವು ಕುಡಿದಿದ್ದರೆ ಮಕ್ಕಳನ್ನು ನಿಮ್ಮ ಕಾರಿನಲ್ಲಿ ಕಳಿಸುವುದಿಲ್ಲ, ಆಫೀಸಿಗೆ ಸುಳ್ಳು ಹೇಳುವುದಿಲ್ಲ, ಚಿಕಿತ್ಸೆಗೆ ಮಾತ್ರ ಎಷ್ಟು ಹೊತ್ತಿಗೆ ಬೇಕಾದರೂ ಜೊತೆಗೆ ಬರುತ್ತೇನೆ” ಎಂಬುದು ನಮ್ಮ ಸುತ್ತ ಎಳೆದುಕೊಂಡ ಗೆರೆ. ಅದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ವೈದ್ಯನಾಗಿ ಎರಡು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಆಮೇಲೆ ಸನ್ನಿ ಬರಬಹುದು, ಜೀವಕ್ಕೇ ಅಪಾಯ. ಆದ್ದರಿಂದ ಸಿಟ್ಟಿನಲ್ಲಿ ಬಾಟಲಿ ಚೆಲ್ಲಿ ರೂಮಿಗೆ ಬೀಗ ಹಾಕಬೇಡಿ. ಇನ್ನು, ಊರಿನಿಂದ ‘ಗೊತ್ತಾಗದ ಹಾಗೆ ಸಾರಿಗೆ ಹಾಕುವ ಪುಡಿ’ ತರಿಸುವವರಿದ್ದಾರೆ. ಅದರಲ್ಲಿ ಡೈಸಲ್ಫಿರಾಮ್ ಇರಬಹುದು; ಇದ್ದರೆ, ತಿಳಿಯದೆ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳಿವೆ. ರೋಗಿಗೆ ತಿಳಿಸಿ, ವೈದ್ಯರ ಸಲಹೆಯಂತೆ ಕೊಡಿಸಿ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ 911ಕ್ಕೆ ಕರೆ ಮಾಡಿ.

ಮನೆಯವರಿಗೂ ಆಸರೆ ಬೇಕು. 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಆರಂಭಿಸಿದ ಇಬ್ಬರಲ್ಲಿ ಬಾಬ್ ಸ್ಮಿತ್ ಸ್ವತಃ ವೈದ್ಯರು, ಕುಡಿತಕ್ಕೆ ಸಿಕ್ಕಿದ್ದವರು. ಇನ್ನೊಬ್ಬರಾದ ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್, ಗಂಡ ಕುಡಿಯುತ್ತಿದ್ದ ಕಾಲದಲ್ಲಿ ಅಂಗಡಿಯಲ್ಲಿ ದುಡಿದು ಸಂಸಾರ ತೂಗಿಸಿದಾಕೆ. 1951ರಲ್ಲಿ ಆಕೆ ಕುಟುಂಬದವರಿಗಾಗಿ ಅಲ್-ಅನಾನ್ ಸ್ಥಾಪಿಸಿದರು. ಕುಡಿತಕ್ಕೆ ನೀವು ಕಾರಣರಲ್ಲ, ಅದನ್ನು ಹಿಡಿತದಲ್ಲಿಡುವುದೂ ನಿಮ್ಮಿಂದಾಗದು ಎಂದು ಅಲ್ಲಿ ಹೇಳಿಕೊಡುತ್ತಾರೆ. ಊರಿನಲ್ಲಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧರ್ಮಸ್ಥಳದವರು ನಡೆಸುವ ಮದ್ಯವರ್ಜನ ಶಿಬಿರಗಳಿವೆ.

ಲೆಟರ್ ಕೇಳಿದ್ದ ಆ ಸೋದರಿ ಕೊನೆಗೆ ಅಲ್-ಅನಾನ್‌ಗೆ ಹೋಗತೊಡಗಿದರು. ಆಫೀಸಿಗೆ ಸುಳ್ಳು ಹೇಳುವುದನ್ನು ನಿಲ್ಲಿಸಿದರು. ಅವರ ಯಜಮಾನರು ಕೆಲಸ ಹೋಗುವ ಹಂತಕ್ಕೆ ಬಂದಾಗ ಚಿಕಿತ್ಸೆಗೆ ಸೇರಿದರು. ಒಮ್ಮೆ ಬಿಟ್ಟು, ಮತ್ತೆ ಹಿಡಿದು, ಈಗ ಮತ್ತೆ ಬಿಟ್ಟಿದ್ದಾರೆ. ಇದು ಹಾಗೆಯೇ; ಸಕ್ಕರೆ ಕಾಯಿಲೆಯಂತೆ ದಿನದಿನವೂ ನೋಡಿಕೊಳ್ಳಬೇಕಾದ ರೋಗ.

ಇಂಥ ಮನೆಯವರು ನಮ್ಮ ಕೂಟದಲ್ಲಿ ಕಂಡರೆ ದಯವಿಟ್ಟು ಮುಖ ತಿರುಗಿಸಬೇಡಿ, ಕೆದಕಿ ಕೇಳಲೂ ಬೇಡಿ. ಪಕ್ಕದಲ್ಲಿ ಕೂತು ಊಟ ಮಾಡಿ. ಮರ್ಯಾದೆ ಹೋಗುತ್ತದೆಂಬ ಭಯ ಕಡಿಮೆಯಾದರೆ ಸುಳ್ಳಿನ ಅಗತ್ಯವೂ ಕಡಿಮೆಯಾಗುತ್ತದೆ.