ಸೂಜಿಗೆ ನಿಮ್ಮ ಮತ

ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಅಂಗಡಿಯ ಬಿಲ್ ಪುಸ್ತಕ ಎಲ್ಲವೂ ನನ್ನ ಮೇಜಿನ ಮೇಲೆ ಪ್ರೂಫ್ ಆಗಿಯೇ ಊರೊಳಗೆ ಹೋಗಬೇಕು. 2018ರ ಏಪ್ರಿಲ್ ಕೊನೆಯ ವಾರ ನಮ್ಮ ಡಾಕ್ಟ್ರು ಪ್ರೆಸ್ಸಿಗೆ ಬಂದು, ಗಿರಾಕಿಗಳ ಸ್ಟೂಲ್ ಮೇಲೆ ಕೂತು, "ಐದು ಸಾವಿರ ಪ್ರತಿ ಬೇಕಿತ್ತಲ್ಲಪ್ಪಾ" ಅಂದರು. ಅಬ್ಬಾ, ಭರ್ಜರಿ ಮದುವೆ ಎಂದುಕೊಂಡು ಗಣಪತಿ ಚಿತ್ರಗಳ ಆಲ್ಬಮ್ ತೆರೆದು ಮುಂದಿಟ್ಟೆ.

"ಗಣಪತಿ ಬೇಡ. ಸೂಜಿ ಹಾಕು" ಅಂದರು.

ಡಾಕ್ಟ್ರು ವಿಧಾನಸಭೆಗೆ ಪಕ್ಷೇತರರಾಗಿ ನಿಂತಿದ್ದು ಊರಿಗೆಲ್ಲ ಗೊತ್ತಿತ್ತು. ಚಿಹ್ನೆ ಗೊತ್ತಿರಲಿಲ್ಲ. ಚುನಾವಣಾ ಆಯೋಗದ ಪಟ್ಟಿಯಲ್ಲಿ ಪಕ್ಷೇತರರಿಗೆ ದಿಂಬಿನಿಂದ ಹಿಡಿದು ಹಲಸಿನ ಹಣ್ಣಿನವರೆಗೆ ಏನೆಲ್ಲ ಇದೆ. ಇವರು ಸ್ಟೆತಾಸ್ಕೋಪ್ ಕೇಳಿದ್ದರಂತೆ. ಅದನ್ನೇ ಒಬ್ಬ ಅಕ್ಕಿ ವ್ಯಾಪಾರಿಯೂ ಕೇಳಿದ್ದ. ಚೀಟಿ ಎತ್ತಿದಾಗ ಅದೃಷ್ಟ ಅಕ್ಕಿಯ ಕಡೆ ಹೋಯಿತು, ಇವರಿಗೆ ಸಿರಿಂಜ್ ಬಂತು. ವಿಧಿಯ ವ್ಯಂಗ್ಯ ಗೊತ್ತಾಗಬೇಕಾದರೆ ನಮ್ಮ ಡಾಕ್ಟ್ರ ಸ್ವಭಾವ ಗೊತ್ತಿರಬೇಕು. ಅವರು ಸೂಜಿ ಹಾಕುತ್ತಿರಲಿಲ್ಲ. ನಮ್ಮ ಕಡೆ ಜನಕ್ಕೆ ಸೂಜಿ ಚುಚ್ಚಿಸಿಕೊಳ್ಳದೆ ಎದ್ದು ಬಂದರೆ ಡಾಕ್ಟರ ಹತ್ತಿರ ಹೋಗಿಬಂದ ಹಾಗೇ ಅನ್ನಿಸುವುದಿಲ್ಲ. "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಅಂತ ನಮ್ಮಮ್ಮ ಇಪ್ಪತ್ತೈದು ವರ್ಷ ಕೇಳಿದ್ದಾಳೆ. ಅವರು ಇಪ್ಪತ್ತೈದು ವರ್ಷವೂ "ಬಿಸಿನೀರು ಕುಡೀರಿ ತಾಯಿ, ಹೋಗತ್ತೆ" ಅಂದಿದ್ದಾರೆ. ಜ್ವರ ಹೋಗುತ್ತಿತ್ತು, ಅತೃಪ್ತಿ ಉಳಿಯುತ್ತಿತ್ತು.

ಅವರ ತಲೆಗೆ ಈ ಚುನಾವಣೆ ಹೊಕ್ಕಿದ್ದು ಗಡಿಯಾಚೆಯಿಂದ. ನಮ್ಮೂರು ಆಂಧ್ರಕ್ಕೆ ಅಂಟಿಕೊಂಡ ಊರು, ಹಿಂದೂಪುರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಅರ್ಧ ಊರಿನ ನೆಂಟಸ್ತಿಕೆ ಅಲ್ಲೇ. ನಮ್ಮ ಡಾಕ್ಟ್ರು ಓದಿದ್ದು ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ. ಅವರಿಗಿಂತ ಮೊದಲು ಅಲ್ಲಿ ಓದಿ ಹೋದವರು ವೈ.ಎಸ್. ರಾಜಶೇಖರ ರೆಡ್ಡಿ. ಮುಖತಃ ಪರಿಚಯವೇನೂ ಇರಲಿಲ್ಲ, ಆದರೂ "ನಮ್ಮ ಕಾಲೇಜಿನವರು" ಎನ್ನುವಾಗ ಡಾಕ್ಟ್ರ ದನಿಯಲ್ಲಿ ಒಂದು ಸಣ್ಣ ಒಗ್ಗರಣೆ ಬೀಳುತ್ತಿತ್ತು. ರೆಡ್ಡಿಯವರು ಪುಲಿವೆಂದುಲದಲ್ಲಿ ಒಂದು ರೂಪಾಯಿ ತೆಗೆದುಕೊಂಡು ರೋಗಿ ನೋಡಿದವರು, 1978ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ಶಾಸಕರಾದವರು, 2003ರ ಸುಡುಬೇಸಿಗೆಯಲ್ಲಿ ಚೇವೆಳ್ಳದಿಂದ ಇಚ್ಛಾಪುರದವರೆಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ನಡೆದು ಮಾರನೇ ವರ್ಷ ಮುಖ್ಯಮಂತ್ರಿಯಾದವರು. ಆಮೇಲೆ ಬಂದದ್ದು ನಮ್ಮೂರಿನ ಹೊಟ್ಟೆಕಿಚ್ಚಿನ ಕಾಲ. 2005ರಲ್ಲಿ ಅಲ್ಲಿ 108 ಗಾಡಿ ಓಡಾಡತೊಡಗಿತು. ಅದರ ಸದ್ದನ್ನು ಅವರು ಭಾಷಣದಲ್ಲಿ "ಕುಯ್ ಕುಯ್" ಅಂತ ಅನುಕರಿಸಿದರೆ ಜನ ಕೇಕೆ ಹಾಕುತ್ತಿದ್ದರು. ನಮಗೆ ಆ ಗಾಡಿ ಬಂದದ್ದು 2008ರ ರಾಜ್ಯೋತ್ಸವದ ಹೊತ್ತಿಗೆ. 2007ರಲ್ಲಿ ಅಲ್ಲಿ ಆರೋಗ್ಯಶ್ರೀ ಶುರುವಾಯಿತು. ಬಿಳಿ ಕಾರ್ಡು ತೋರಿಸಿದರೆ ಹೃದಯದ ಆಪರೇಷನ್ ಖರ್ಚು ಸರ್ಕಾರದ್ದು. ಮಕ್ಕಳ ಕಾಲೇಜಿನ ಫೀಸನ್ನು ಸರ್ಕಾರವೇ ಕಟ್ಟತೊಡಗಿತು, ಎರಡು ರೂಪಾಯಿಗೆ ಕಿಲೋ ಅಕ್ಕಿ ಬಂತು. ನಮ್ಮ ದೊಡ್ಡಪ್ಪ ಹಿಂದೂಪುರದ ಬೀಗರ ಮನೆಗೆ ಹೋಗಿ ಬಂದಾಗಲೆಲ್ಲ, "ನಮ್ಮಜ್ಜ ಇನ್ನೊಂದೆರಡು ಮೈಲಿ ಆಕಡೆ ಮನೆ ಕಟ್ಟಿದ್ದಿದ್ರೆ..." ಅಂತ ನಿಟ್ಟುಸಿರಿಡುತ್ತಿದ್ದ.

ಹಾಗಂತ ನಮ್ಮಲ್ಲಿ ಏನೂ ಇರಲಿಲ್ಲ ಅಂತಲ್ಲ. ವರ್ಷಕ್ಕೆ 60 ರೂಪಾಯಿ ಕಟ್ಟಿ ಸಹಕಾರ ಸಂಘದ ರೈತ ಆಪರೇಷನ್ ಮಾಡಿಸಿಕೊಳ್ಳಬಹುದಾದ ಯಶಸ್ವಿನಿ 2003ರಲ್ಲೇ ಬಂದಿತ್ತು, ಆರೋಗ್ಯಶ್ರೀಗಿಂತ ನಾಲ್ಕು ವರ್ಷ ಮೊದಲು. ಡಾಕ್ಟ್ರು ಇದನ್ನು ಹೇಳಿದರೆ ದೊಡ್ಡಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪಕ್ಕದ ಮನೆಯ ಸಾರು ಯಾವಾಗಲೂ ಘಮಘಮ.

"ಅಲ್ಲಿ ಡಾಕ್ಟ್ರು ಸಿಎಂ ಆಗಬಹುದು, ನೀವು ಎಮ್ಮೆಲ್ಲೆ ಆಗಬಾರದಾ?" ಅಂತ ಕಟ್ಟೆಯ ಮೇಲೆ ಕೂತವರು ಹತ್ತಿಸಿದರು. ರೆಡ್ಡಿಯವರ ತಂದೆಯ ಹೆಸರಲ್ಲಿ ಆಸ್ಪತ್ರೆಯೇ ಇತ್ತು, ನಮ್ಮ ಡಾಕ್ಟ್ರ ತಂದೆ ಪೋಸ್ಟ್‌ಮ್ಯಾನ್ ಆಗಿದ್ದರು ಎಂಬ ವ್ಯತ್ಯಾಸವನ್ನು ಯಾರೂ ಎತ್ತಲಿಲ್ಲ. 10,000 ರೂಪಾಯಿ ಠೇವಣಿ ಕಟ್ಟಿದರು. ಪಕ್ಷೇತರನಿಗೆ ಹತ್ತು ಜನ ಸೂಚಕರು ಬೇಕು. ಕಾಂಪೌಂಡರ್ ಸಂಜೆಯ ಸರದಿಯಿಂದಲೇ ಎಬ್ಬಿಸಿಕೊಂಡು ಹೋದ. ಆರು ಜನ ಶುಗರ್, ಮೂವರು ಬಿಪಿ, ಒಬ್ಬನಿಗೆ ಎರಡೂ.

ಹ್ಯಾಂಡ್‌ಬಿಲ್ಲಿಗೆ ಅವರು ಬರೆದುಕೊಟ್ಟಿದ್ದು ಮೂರೇ ಸಾಲು. ಒಂದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿಯೂ ಡಾಕ್ಟರು ಇರಬೇಕು. ಎರಡು, ಔಷಧಿಯ ಖರ್ಚಿಗೆ ಯಾರೂ ಹಸು ಮಾರಬಾರದು. ಮೂರನೆಯದನ್ನು ಓದಿ ನಾನು ತಲೆಯೆತ್ತಿದೆ: ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ.

"ಡಾಕ್ಟ್ರೇ, ಶಿಕ್ಷಣ ಅಂದ್ರೆ ಕಾಲೇಜು, ಲ್ಯಾಪ್‌ಟಾಪು, ಹೀಗೇನಾದ್ರೂ..."

"ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟ ಹುಡುಗಿ ಸಂಜೆ ಐದರವರೆಗೆ ಒಂದು ಗುಟುಕು ನೀರು ಕುಡಿಯಲ್ಲ ಕಣಪ್ಪ. ಕುಡಿದ್ರೆ ಹೋಗಬೇಕಲ್ಲ, ಎಲ್ಲಿಗೆ ಹೋಗ್ತಾಳೆ? ವಾರಕ್ಕೆ ನಾಲ್ಕು ಜನ ಉರಿಮೂತ್ರ ಅಂತ ನನ್ನ ಹತ್ರ ಬರ್ತಾರೆ. ಗುಣವಾಗೋವರೆಗೆ ಸ್ಕೂಲಿಲ್ಲ. ಇದಕ್ಕೆ ಯಾವ ಮಾತ್ರೆ ಬರೀಲಿ?"

ನಾನು ಸುಮ್ಮನೆ ಅಚ್ಚು ಹಾಕಿದೆ. ಕೆಳಗೆ ಕಾನೂನಿನ ಪ್ರಕಾರ ಮುದ್ರಕನಾದ ನನ್ನ ಹೆಸರು, ವಿಳಾಸ. ಉಳಿದ ಮೂವರು ಅಭ್ಯರ್ಥಿಗಳ ಹ್ಯಾಂಡ್‌ಬಿಲ್ ಕೆಳಗೂ ಅದೇ ಹೆಸರಿತ್ತು ಅನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಪ್ರಚಾರಕ್ಕೆ ಮೊದಲ ದಿನ ನಾನೂ ಹೋಗಿದ್ದೆ. ಮೂರನೇ ಮನೆ ದಾಟಲಿಲ್ಲ. ಕೈಮುಗಿದು ಒಳಗೆ ಹೋದರೆ ಮನೆಯವರು ಅಟ್ಟದಿಂದ ಎಕ್ಸ್‌ರೇ ಇಳಿಸುತ್ತಾರೆ. ಡಾಕ್ಟ್ರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನಿಂತರೆಂದರೆ ಮತ, ಸೂಜಿ, ಕ್ಷೇತ್ರ ಎಲ್ಲ ಮರೆತಂತೆಯೇ. ಒಂದು ಮನೆಯಲ್ಲಿ ಸೊಸೆ ಕಾಫಿ ತಂದಳು. ಇವರು ಲೋಟ ಪಕ್ಕಕ್ಕಿಟ್ಟು, ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಇಲ್ವಲ್ಲಮ್ಮ, ಎಷ್ಟು ತಿಂಗಳು?" ಅಂದರು. ಅತ್ತೆಗೇ ಇನ್ನೂ ಗೊತ್ತಿರಲಿಲ್ಲ. ಹೊರಗೆ ಬಾವುಟ ಹಿಡಿದ ನಾಲ್ಕು ಹುಡುಗರು ಬಿಸಿಲಲ್ಲಿ ಬಾಡಿದರು. ಇನ್ನು ಭಾಷಣವೋ, ಮೈಕ್ ಕೈಗೆ ಕೊಟ್ಟರೆ ಉಪ್ಪಿನಕಾಯಿ ಕಡಿಮೆ ಮಾಡಿ, ಬೀಡಿ ಬಿಡಿ ಎನ್ನುವುದು. ಬಿಟ್ಟಿ ಕೊಡುತ್ತೇನೆ ಎನ್ನುವವರ ನಡುವೆ ಬಿಡಿ ಬಿಡಿ ಎನ್ನುವ ಅಭ್ಯರ್ಥಿ ಇವರೊಬ್ಬರೇ.

ಆಡಿಕೊಳ್ಳುವುದಕ್ಕೂ ಜನರಿಗೆ ಒಂದು ನೆವ ಸಿಕ್ಕಿತ್ತು. ಅದಕ್ಕೆ ಆರು ತಿಂಗಳ ಹಿಂದೆ, 2017ರ ನವೆಂಬರ್‌ನಲ್ಲಿ, ಖಾಸಗಿ ಆಸ್ಪತ್ರೆಗಳನ್ನು ಹದ್ದುಬಸ್ತಿಗೆ ತರುವ ಮಸೂದೆಯ ವಿರುದ್ಧ ರಾಜ್ಯದ ಖಾಸಗಿ ವೈದ್ಯರೆಲ್ಲ ಮುಷ್ಕರ ಹೂಡಿದ್ದರಲ್ಲ, ಆಗ ಇವರೂ ಶಟರ್ ಎಳೆದಿದ್ದರು. ಎಳೆದು, ಹಿತ್ತಿಲ ಬಾಗಿಲಲ್ಲಿ ರೋಗಿಗಳನ್ನು ನೋಡಿದ್ದರು. ಸಂಘಕ್ಕೆ ಮುಂಬಾಗಿಲು, ಊರಿಗೆ ಹಿಂಬಾಗಿಲು. ಹಿಂಬಾಗಿಲಲ್ಲಿ ಬಂದವರೇ ಈಗ ಮುಂಬಾಗಿಲು ಮುಚ್ಚಿತ್ತು ಅಂತ ಆಡಿಕೊಂಡರು.

ಆದರೆ ಅವರ ಬೆನ್ನು ಮುರಿದಿದ್ದು ನೀತಿ ಸಂಹಿತೆ. ಅವರ ಫೀಸು ಇಪ್ಪತ್ತು ರೂಪಾಯಿ. ಅದೂ ಮೇಜಿನ ಡ್ರಾಯರಿನಲ್ಲಿ ನಾವೇ ಹಾಕಬೇಕು, ಹಾಕದಿದ್ದರೆ ಕೇಳುವವರಿಲ್ಲ. ಕಂಪನಿಯವರು ಕೊಟ್ಟ ಸ್ಯಾಂಪಲ್ ಮಾತ್ರೆ ಬಡವರ ಕೈಗೆ ಹೋಗುತ್ತಿತ್ತು. ಯಾರೋ ದೂರು ಕೊಟ್ಟರು. ಜೀಪಿನಲ್ಲಿ ಬಂದ ಅಧಿಕಾರಿ, ಪಾಪ, ಆತನಿಗೂ ಕೆಮ್ಮಿತ್ತು, ಬಿಟ್ಟಿ ಮಾತ್ರೆ ಕೊಟ್ಟರೆ ಮತದಾರರಿಗೆ ಆಮಿಷ ಒಡ್ಡಿದ ಹಾಗಾಗುತ್ತದೆ ಅಂತ ವಿನಯದಿಂದಲೇ ವಿವರಿಸಿದ. ಅಂದಿನಿಂದ ಮತದಾನದವರೆಗೆ ಡಾಕ್ಟ್ರು ಜೀವಮಾನದಲ್ಲಿ ಮೊದಲ ಬಾರಿಗೆ ಕೈಚಾಚಿ ಫೀಸು ಕೇಳಿ ಪಡೆದರು. ಕಾಂಪೌಂಡರ್ ನನ್ನ ಹತ್ತಿರವೇ ರಸೀದಿ ಪುಸ್ತಕ ಮಾಡಿಸಿಕೊಂಡು ಹೋದ. "ನಿಂತ ಮೇಲೆ ಡಾಕ್ಟ್ರು ಬದಲಾಗಿಬಿಟ್ರು" ಎಂದು ಕಟ್ಟೆಯವರು ತೀರ್ಮಾನಿಸಿದರು.

ಮನೆಯಲ್ಲಿ ಅಮ್ಮನ ಲೆಕ್ಕವೇ ಬೇರೆ. ಡಾಕ್ಟ್ರು ಮತ ಕೇಳಲು ಬಂದಾಗ ಆರತಿ ಎತ್ತಿ, ತೆಂಗಿನಕಾಯಿ ಕೊಟ್ಟು, ನೇರವಾಗಿ ಕೇಳಿದಳು: "ನೀವು ಗೆದ್ದು ಬೆಂಗಳೂರಿಗೆ ಹೋದ್ರೆ ನನ್ನ ಬಿಪಿ ನೋಡೋರ್ಯಾರು?"

"ಬಿಧಾನ್ ಚಂದ್ರ ರಾಯ್ ಅಂತ ಇದ್ರು ತಾಯಿ, ದೊಡ್ಡ ಡಾಕ್ಟ್ರು. ಬಂಗಾಳದ ಮುಖ್ಯಮಂತ್ರಿ ಆದ್ಮೇಲೂ ಬೆಳಗ್ಗೆ ಎದ್ದು ರೋಗಿಗಳನ್ನ ಪುಕ್ಕಟೆ ನೋಡ್ತಿದ್ರು."

"ಎಲ್ಲಿ ನೋಡ್ತಿದ್ರು?"

"ಕಲ್ಕತ್ತಾದಲ್ಲಿ, ಅವರ ಮನೇಲೇ."

"ಅವರ ವಿಧಾನಸೌಧ ಎಲ್ಲಿತ್ತು?"

"ಅದೂ ಕಲ್ಕತ್ತಾದಲ್ಲೇ."

"ಮತ್ತೆ!" ಅಂದಳು ಅಮ್ಮ.

ಡಾಕ್ಟ್ರ ಹತ್ತಿರ ಇದಕ್ಕೆ ಔಷಧಿಯಿರಲಿಲ್ಲ. ನಾನು ಆಮೇಲೆ ವಿಚಾರಿಸಿದೆ. ನಮ್ಮ ಬೀದಿಯಲ್ಲಿ, ಪಕ್ಕದ ಬೀದಿಯಲ್ಲಿ, ಸಂತೆಬೀದಿಯಲ್ಲಿ ಮುದುಕಿಯರೆಲ್ಲ ಇದೇ ಲೆಕ್ಕ ಹಾಕಿದ್ದರು. ದ್ವೇಷ ಇದ್ದವರು ಓಟು ಹಾಕಲಿಲ್ಲ, ಪ್ರೀತಿ ಇದ್ದವರೂ ಹಾಕಲಿಲ್ಲ. ಮೇ 12ರಂದು ಸಾಲಿನಲ್ಲಿ ನಿಂತು ನಾನೂ ಒಳಗೆ ಹೋದೆ. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಗಾಜಿನ ಹಿಂದೆ ನಮ್ಮ ಚೀಟಿ ಏಳು ಸೆಕೆಂಡು ಕಾಣಿಸುತ್ತದೆ. ನಾನು ಆ ಏಳು ಸೆಕೆಂಡೂ ಚಪ್ಪಲಿ ನೋಡುತ್ತ ನಿಂತಿದ್ದೆ. ಇದಕ್ಕಿಂತ ಹೆಚ್ಚು ಹೇಳಲು ಗುಪ್ತ ಮತದಾನದ ನಿಯಮ ಬಿಡುವುದಿಲ್ಲ.

15ಕ್ಕೆ ಎಣಿಕೆ. ಡಾಕ್ಟ್ರಿಗೆ ಸಾವಿರದ ಮುನ್ನೂರು ಚಿಲ್ಲರೆ. ಠೇವಣಿ ಉಳಿಯಲು ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮತ ಬೇಕು. ಇವರು ನೋಟಾವನ್ನು ಹಿಂದೆ ಹಾಕಿದ್ದೇ ಸಮಾಧಾನ. ಸ್ಟೆತಾಸ್ಕೋಪಿನ ಅಕ್ಕಿ ವ್ಯಾಪಾರಿಗೆ ನಾಲ್ಕು ಸಾವಿರ ದಾಟಿತ್ತು. "ಅರ್ಧ ನಿಮ್ಮವೇ ಸಾರ್, ಕಣ್ಣು ಮಂಜಾದೋರು ಅದನ್ನೇ ಒತ್ತಿದಾರೆ" ಅಂತ ಕಾಂಪೌಂಡರ್ ಕಣ್ಣೊರೆಸಿಕೊಂಡ. "ಹಂಗಾದ್ರೆ ಜೂನ್‌ನಲ್ಲಿ ಕಣ್ಣಿನ ಕ್ಯಾಂಪ್ ಇಡೋಣ" ಅಂದರು ಡಾಕ್ಟ್ರು.

ಅವತ್ತು ಸಂಜೆ ಐದಕ್ಕೆ ಎಂದಿನಂತೆ ಕ್ಲಿನಿಕ್ ತೆರೆಯಿತು. ಹಸಿರು ಪರದೆಯ ಆಚೆ ಎಂದೂ ಇಲ್ಲದಷ್ಟು ಜನ. ಯಾರಿಗೂ ಅಂಥ ಕಾಯಿಲೆ ಇದ್ದಂತೆ ಕಾಣಲಿಲ್ಲ. ಅಮ್ಮನನ್ನು ನಾನೇ ಕರೆದುಕೊಂಡು ಹೋಗಿದ್ದೆ. ತೋಳಿಗೆ ಪಟ್ಟಿ ಸುತ್ತಿ, ಬಲ್ಬು ಒತ್ತಿ, ಪಾದರಸ ಇಳಿಯುವುದನ್ನೇ ನೋಡುತ್ತ ಡಾಕ್ಟ್ರು, "ನೂರ ಎಪ್ಪತ್ತು! ಏನು ತಾಯಿ, ಮನಸ್ಸಿಗೇನಾದ್ರೂ ಹಚ್ಕೊಂಡಿದೀರಾ?" ಅಂದರು. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. ಎದ್ದು ಬರುವಾಗ ಡ್ರಾಯರಿಗೆ ಐವತ್ತರ ನೋಟು ಹಾಕಿ ಚಿಲ್ಲರೆ ತೆಗೆದುಕೊಳ್ಳಲಿಲ್ಲ.

ಎರಡು ವರ್ಷಕ್ಕೆ ಕೋವಿಡ್ ಬಂತು. ಮೈಸೂರಿನಲ್ಲಿದ್ದ ಡಾಕ್ಟ್ರ ಮಗ ಬಂದು, ಈ ವಯಸ್ಸಿನಲ್ಲಿ ಇದೆಲ್ಲ ಸಾಕು ಅಂತ ಕರೆದುಕೊಂಡು ಹೋದ. ಗೆಲ್ಲದೆಯೂ ಹೋದರು. ಕ್ಲಿನಿಕ್ಕಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ, ಹಸಿರು ಪರದೆಯ ಕೊಂಡಿಗಳಿಗೆ ಇಯರ್‌ಫೋನು ನೇತುಹಾಕಿದ್ದಾರೆ. ಹೈಸ್ಕೂಲಿಗೆ ಶೌಚಾಲಯವೂ ಬಂತು. ಅದಕ್ಕೆ ಬೀಗ ಹಾಕಿದೆ, ಕೀಲಿ ಸ್ಟಾಫ್ ರೂಮಿನಲ್ಲಿದೆ. ಅಮ್ಮನ ಮಾತ್ರೆ ಡಬ್ಬಿಯ ತಳಕ್ಕೆ ಹಾಸಿರುವುದು ನಾನು ಅಚ್ಚು ಹಾಕಿದ ಹ್ಯಾಂಡ್‌ಬಿಲ್ಲೇ. ಮೂರು ಸಾಲಿನಲ್ಲಿ ಮೊದಲನೆಯದು ಸವೆದುಹೋಗಿದೆ.

ಕಳೆದ ತಿಂಗಳು ಅವಳಿಗೆ ಜ್ವರ ಬಂತು. ತಾಲ್ಲೂಕು ಕೇಂದ್ರದಲ್ಲಿ ಹೊಸದಾಗಿ ಬಂದ ಡಾಕ್ಟರೊಬ್ಬರಿಗೆ ತೋರಿಸಿದೆ. ಐದು ನಿಮಿಷ ಆಗಿರಲಿಲ್ಲ, ತೋಳು ಒತ್ತಿ ಹಿಡಿದುಕೊಂಡು ಹೊರಗೆ ಬಂದಳು. ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಊರು ಹತ್ತಿರ ಬರುವವರೆಗೆ ಮಾತಿಲ್ಲ.

"ಏನಾಯ್ತಮ್ಮ, ನೋವಾ?"

"ಇಲ್ಲ ಕಣೋ" ಅಂದಳು, "ನಾನು ಕೇಳೋಕೆ ಮೊದ್ಲೇ ಸೂಜಿ ಹಾಕಿಬಿಟ್ಟ."